ಕೂದಲಿನ ಲೆಕ್ಕ

ಕಡಲನ್ನೇ ಕಾಯಿಸಿ ಉಪ್ಪು ಕಳೆದ ನೀರು.
ರುವಿಯ ಈ ಮೂರನೇ ಮಹಡಿಯ ನಲ್ಲಿಯಲ್ಲಿ
ಮೇ ತಿಂಗಳೆಂದರೆ ಬೆಳಗಿನ ಆರಕ್ಕೇ ಸುಡುತ್ತದೆ.
ತಲೆಗೆ ಬಿದ್ದರೆ ಕೂದಲು ಬುಡ ಬಿಡುತ್ತದೆ.
ಬಚ್ಚಲ ಜಾಲರಿಗೆ ಸುತ್ತಿಕೊಂಡಿದ್ದನ್ನು
ದಿನವೂ ಬೆರಳು ಹಾಕಿ ಎತ್ತುತ್ತೇನೆ:
ಉದ್ದನೆಯವು ನನ್ನವು, ತುಂಡು ಜೀವರತ್ನನವು,
ಗುಂಗುರು ಮಗಳವು.

ಬೆಟಗೇರಿಯ ಸಂಡೇ ಸ್ಕೂಲಿನಲ್ಲಿ
ಸುಗುಣಮ್ಮ ಟೀಚರು ಅಂದಿದ್ದರು:
"ನಿಮ್ಮ ತಲೀಮ್ಯಾಲಿನ ಕೂದಲಾ ಸೈತ
ದೇವರು ಎಣಿಸಿ ಇಟ್ಟಾನ, ಹುಡುಗೂರಾ."
ಆಗ ನನಗೆ ಎರಡು ಜಡೆ, ಕೊಬ್ಬರಿ ಎಣ್ಣೆ, ತಲೆತುಂಬ ಹೇನು.
"ಹೇನೂ ಎಣಿಸ್ಯಾನೇನ್ರಿ?" ಎಂದು ಕೇಳಿ
ಫೂಟುಪಟ್ಟಿಯ ಏಟು ತಿಂದೆ.

ಈಗ ಕೇಳುವುದು ಬೇರೆ.
ಸ್ವಾಮಿ, ನಿನ್ನ ಪಟ್ಟಿಯನ್ನು ಈ ಊರಿನಲ್ಲಿ
ದಿನಕ್ಕೆಷ್ಟು ಸಲ ತಿದ್ದುತ್ತೀ?

ದುಕ್ಮ್‌ನ ಸೈಟು ಫೆಬ್ರುವರಿಯಲ್ಲಿ ನಿಂತಿತು.
ಸಂಬಳ "ಮುಂದಿನ ವಾರ" ಎನ್ನುತ್ತ ಎನ್ನುತ್ತ
ಮುಂದಿನ ವಾರಗಳೇ ಮುಗಿದುಹೋದವು.
ಜೀವರತ್ನ ರಾತ್ರಿ ಎರಡಕ್ಕೆ ಫೋನಿನ ಬೆಳಕಲ್ಲಿ
ಕೂಡಿಸುತ್ತಾನೆ, ಕಳೆಯುತ್ತಾನೆ;
ಯಾವ ಕಡೆಯಿಂದ ಕಳೆದರೂ ಉಳಿಯುವುದು
ಜನವರಿಯಲ್ಲೇ ಸಹಿ ಹಾಕಿ ಕೊಟ್ಟ ಬಾಡಿಗೆಯ ಚೆಕ್ಕು.
ಹತ್ತನೇ ತಾರೀಖು. ನಾನೂರ ಇಪ್ಪತ್ತು ರಿಯಾಲು.
ಖಾತೆಯಲ್ಲಿ ನೂರ ಹದಿನೇಳು.
ಪಕ್ಕದಲ್ಲಿ ಎಚ್ಚರವಿದ್ದೂ ನಾನು
ನಿದ್ದೆಯ ಉಸಿರು ಬಿಡುತ್ತೇನೆ, ಅವನ ಮಾನ ಉಳಿಯಲೆಂದು.

ದೇವರನ್ನು ನಾನೂ ಕೇಳಿದ್ದುಂಟು,
ನೀನೂ ಒಮ್ಮೆಗೇ ಬರೆದುಕೊಟ್ಟುಬಿಡು,
ವರ್ಷಕ್ಕಾಗುವಷ್ಟು, ಮುಂದಿನ ತಾರೀಖು ಹಾಕಿ.
ಅವನದು ರೊಕ್ಕದ ವ್ಯವಹಾರ, ಅವತ್ತಿಂದವತ್ತಿಗೆ,
ಕೆಳಗಿನ ಬೇಕರಿಯ ಖುಬೂಸಿನ ಹಾಗೆ:
ಸಂಜೆ ಮೆತ್ತಗೆ, ನಾಳೆಗಿಟ್ಟರೆ ರಟ್ಟು.

ನನ್ನ ನೌಕರಿಯೂ ಎಣಿಸುವುದೇ.
ಕ್ಲಿನಿಕ್ಕಿನ ಲ್ಯಾಬಿನಲ್ಲಿ ಮಂದಿಯ ರಕ್ತ,
ಕೆಂಪು ಕಣ, ಬಿಳಿ ಕಣ.
ಮೊನ್ನೆ ಒಂದು ಮಗು, ಡೆಂಗ್ಯೂ,
ಪ್ಲೇಟ್ಲೆಟ್ಟು ಇಳಿಯುತ್ತಲೇ ಇತ್ತು.
ಯಂತ್ರವನ್ನು ನಂಬದೆ ಗಾಜಿನ ಪಟ್ಟಿ ಹಿಡಿದು
ಕಣ್ಣಿಂದಲೇ ಎಣಿಸಿದೆ, ಎರಡು ಸಲ.
ಒಂದನ್ನೂ ಹೆಚ್ಚಿಸಲಾರೆ. ಆದರೂ ಎಣಿಸಿದೆ;
ಹೊರಗೆ ಬೆಂಚಿನ ಮೇಲೆ ಅದರ ತಾಯಿ
ಅಬಾಯಾದ ಅಂಚು ಕಚ್ಚಿಕೊಂಡು ಕೂತಿದ್ದಳು.
ಆವಾಗ ಹೊಳೆಯಿತು, ಅಥವಾ ಹೊಳೆದಂತಾಯಿತು:
ಉದುರುವುದಿಲ್ಲ ಎಂದು ಅವನು ಹೇಳಿದ್ದು ಎಲ್ಲಿ?
ಎಣಿಸಿದ್ದೇನೆ ಎಂದನಷ್ಟೆ.

ಅದು ಸಾಕೇ?
ಕೆಲವು ದಿನ ಸಾಕು.
ಕೆಲವು ದಿನ ಕುಕ್ಕರಿನ ಸೀಟಿಗೂ ಎದೆ ಹಾರುತ್ತದೆ.

ಶುಕ್ರವಾರ ಆರಾಧನೆ. ತಮಿಳರು ಎದ್ದಮೇಲೆ ನಾವು;
ನಮ್ಮ ಪಾಳಿ ಮುಗಿಯಲೆಂದು ಫಿಲಿಪಿನೋಗಳು
ಗಿಟಾರು ಹಿಡಿದು ಬಾಗಿಲಲ್ಲಿ ಕಾಯುತ್ತಾರೆ.
ಕುರ್ಚಿ ಇನ್ನೂ ಬೆಚ್ಚಗಿರುತ್ತವೆ, ಬೇರೆಯವರ ಚಿಂತೆಯಿಂದ.
ಕಾಣಿಕೆಯ ಚೀಲಕ್ಕೆ ನೂರು ಬೈಸಾದ ನೋಟು,
ಎಷ್ಟೆಂದು ತಿಳಿಯದ ಹಾಗೆ ನಾಲ್ಕು ಮಡಿಕೆ ಮಾಡಿ.

ವಾಪಸು ಬರುವಾಗ ಮಾಲೀಕ ಹಿಲಾಲ್ ಮೆಟ್ಟಿಲಲ್ಲಿ ಸಿಕ್ಕ.
ಚೆಕ್ಕು ತಿಂಗಳ ಕೊನೆತನಕ ತಡೆಯಬಹುದಾ ಎಂದೆ.
ಕೈಯ ಮಣಿ ತಿರುವಿ "ಇನ್‌ಶಾ ಅಲ್ಲಾ" ಅಂದ.
ಈ ಊರಲ್ಲಿ ಅದು ಹೌದೂ ಆಗುತ್ತದೆ, ಇಲ್ಲವೂ.
ನನ್ನ "ಆಮೆನ್" ಮಾತ್ರ ಬೇರೆಯೇನು?

ಇವತ್ತು ಬೆಳಿಗ್ಗೆ, ಒಂಬತ್ತನೇ ತಾರೀಖು,
ಜೀವರತ್ನ ಮಗಳ ಜಡೆ ಹೆಣೆಯುತ್ತಿದ್ದ.
ಮೂರು ತಿಂಗಳಲ್ಲಿ ಕಲಿತ ಕಸಬು.
ಮೊದಮೊದಲು ಹಗ್ಗದ ಗಂಟು,
ಈಗ ಪರವಾಗಿಲ್ಲ, ಒಂದೇ ಸೊಟ್ಟ.
ಕ್ರೇನು ನಡೆಸುವ ಕೈ, ಬಾಯಲ್ಲಿ ರಿಬ್ಬನ್ನು;
ಅವಳು ಏಳರ ಮಗ್ಗಿ ಹೇಳುತ್ತ ಕಾಲಾಡಿಸುತ್ತಿದ್ದಳು.
ಅವನ ತೋಳಿನ ಮೇಲೆ ಒಂದು ಗುಂಗುರು ಕೂದಲು.
ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ.
"ಒಂದು" ಎಂದೆ.
"ಏನು?" ಎಂದ, ರಿಬ್ಬನ್ನಿನ ಸಂದಿಯಿಂದ.
"ಏನಿಲ್ಲ. ಬಸ್ಸು ಬಂತು, ಬೇಗ ಕಟ್ಟು."