ಬದನೆ ಬಣ್ಣದ ದಾರ

ಮತ್ತೀಕೆರೆಯಲ್ಲಿ, ಹಿಟ್ಟಿನ ಗಿರಣಿಗೆ ಅಂಟಿಕೊಂಡು ನನ್ನ ಅಂಗಡಿ.
ಎಂಟಡಿಗೆ ಹತ್ತಡಿ, ಒಂದು ಮಿಷನ್ನು, ಕಿಟಕಿ ಇಲ್ಲ.
ಬಿಸಿಲು ಬರುವುದು ಹೊಸ್ತಿಲ ತನಕ,
ಬಾಕಿ ಕೇಳಲು ಬಂದ ಹಾಲಿನವನ ಹಾಗೆ
ಅಲ್ಲೇ ನಿಂತು, ಅಲ್ಲಿಂದಲೇ ಹೋಗುತ್ತದೆ.

ಮಂಗಳವಾರ ಇಂದುಕಲಾ ಮೇಡಂ
ರವಿಕೆಯನ್ನು ಟೇಬಲ್ಲಿನ ಮೇಲೆ ಹರಡಿದರು:
"ಬಟ್ಟೆ ಬದನೆಕಾಯಿ, ದಾರ ನೇರಳೆಹಣ್ಣು.
ಕಣ್ಣಿಗೇನಾಗಿದೆ, ಮುನಿರತ್ನಮ್ಮ?"

ಕಣ್ಣಿಗೇನೂ ಆಗಿರಲಿಲ್ಲ.
ಸಿಗ್ನಲ್ಲಿನ ಹತ್ತಿರ ನೂರಕ್ಕೆರಡು ಅಂತ ತಂದ ಬಲ್ಬು
ಆರು ತಿಂಗಳಿಂದ ನನಗೆ ಸುಳ್ಳು ಹೇಳುತ್ತಿತ್ತು.
ಎಷ್ಟು ಬೆಳ್ಳಗೆ ಹೇಳುತ್ತಿತ್ತೆಂದರೆ
ನಂಬದೆ ಇರಲು ಮನಸ್ಸೇ ಬಂದಿರಲಿಲ್ಲ.

ಶನಿವಾರ ಎಸ್‌.ಪಿ. ರೋಡಿಗೆ ಹೋದೆ.
ಪರ್ಸಿನಲ್ಲಿ ಅಂಗೈಯಗಲದ ಬದನೆ ಬಟ್ಟೆ, ಮೂರು ರೀಲು ದಾರ.
"ಎಷ್ಟು ವ್ಯಾಟಮ್ಮ?" ಅಂದ ಪುಖರಾಜ್.
ಒಂಬತ್ತು ಅಂದೆ. ನಕ್ಕ.
"ವ್ಯಾಟು ಅದು ತಿನ್ನುವ ಲೆಕ್ಕ. ಬೆಳಕಿನ ಲೆಕ್ಕ ಲೂಮೆನ್ನು.
ಉಣ್ಣೋದು ನೋಡಿ ಆಳಿಗೆ ಕೂಲಿ ಕೊಡ್ತೀರಾ?"
ಆಮೇಲೆ ಕೆಲ್ವಿನ್ನು ಅಂತ ಇನ್ನೊಂದು ತೆಗೆದ.
ಎರಡು ಸಾವಿರದ ಏಳುನೂರು ಅಂದರೆ ಬೆಚ್ಚಗಿನ ಹಳದಿ,
ಆರೂವರೆ ಸಾವಿರ ಅಂದರೆ ತಣ್ಣನೆ ಬಿಳಿ.
ಕಾದಷ್ಟೂ ತಣ್ಣಗಾಗುವ ಈ ವಿದ್ಯೆ
ನಮ್ಮತ್ತೆಗೆ ಬರುತ್ತಿತ್ತು. ನನಗೆ ತಿಳಿಯಲಿಲ್ಲ.

ಪರೀಕ್ಷೆಯ ಹಲಗೆಯಲ್ಲಿ ಸಾಲಾಗಿ ಹೋಲ್ಡರುಗಳು.
ಕೆಳಗೆ ಬಟ್ಟೆ ಹಾಸಿದೆ. ಒಂದೊಂದೇ ಹಚ್ಚಿದ.
ಮೊದಲನೆಯದರಲ್ಲಿ ಬದನೆ ಇದ್ದಿಲಾಯಿತು.
ಎರಡನೆಯದರಲ್ಲಿ ಶಾಯಿ.
ಹಳದಿಯ ಕೆಳಗೆ ಎಣ್ಣೆಗಾಯಿಯೇ ಆಗಿಬಿಟ್ಟಿತು,
ಕೊಬ್ಬರಿ ಮಸಾಲೆ ಒಂದು ಬಾಕಿ.
ಹಿಂದೆ ನಿಂತ ಎಲೆಕ್ಟ್ರಿಷಿಯನ್ ಹುಡುಗ
ಗಡಿಯಾರ ನೋಡಿಕೊಂಡ. ನೋಡಿಕೊಳ್ಳಲಿ.
ನಾಲ್ಕನೆಯದು ಹತ್ತಿತು:
ಬದನೆ. ಬರೀ ಬದನೆ.
ತೊಟ್ಟಿನ ಬುಡದ ಆ ಕೆಂಪು ನೆರಳಿನ ಸಮೇತ.

"ಇದಕ್ಕೆ ಬಣ್ಣದ ಅಂಕ ನೂರಕ್ಕೆ ತೊಂಬತ್ತೈದು,"
ಪುಖರಾಜ್ ಡಬ್ಬಿಯ ಬೆನ್ನು ತೋರಿಸಿದ.
ನನ್ನ ಮಗ ಎಂದೂ ತರದ ಅಂಕ.
ಮುನ್ನೂರ ಎಂಬತ್ತು ರೂಪಾಯಿ.
ಎರಡು ರವಿಕೆಯ ಕೂಲಿ ಎಣಿಸಿ ಕೊಟ್ಟೆ.

ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರೆ.
ಇದು ತಲೆಕೆಳಗೆ ನೇತಾಡುವ ದೀಪ,
ಇದರ ಕತ್ತಲೆ ತಾರಸಿಯಲ್ಲಿ, ಹಲ್ಲಿಗಳ ಪಾಲಿಗೆ.
ಕೆಳಗೆ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ.
ಅವತ್ತು ಸಂಜೆ ಮಿಷನ್ನಿನ ಚಕ್ರದ ತುಕ್ಕು ಕಂಡಿತು,
ತೋರುಬೆರಳಲ್ಲಿ ಸೂಜಿ ತೂರಿದ ಹಳೆಯ ಕಲೆ ಕಂಡಿತು,
ಕಡ್ಡಿಗೆ ನೇತು ಹಾಕಿದ್ದ ಇನ್ನೂ ಎರಡು ರವಿಕೆಗಳ
ದಾರವೂ ಕಂಡಿತು. ಬಿಚ್ಚಿದೆ.
ಎಷ್ಟು ಮದುವೆಗಳಿಗೆ ನನ್ನ ತಪ್ಪು ಬಣ್ಣ ಹೋಯಿತೋ!
ಛತ್ರದ ಬೆಳಕೂ ನನ್ನದರ ಜಾತಿಯದೇ ಇರಬೇಕು,
ಯಾರೂ ಕೇಳಲಿಲ್ಲ.

"ಮನೆಗೂ ಇದೇ ತರೋಣ," ಅಂದರು ನಮ್ಮವರು.
ಬೇಡ ಅಂದೆ.
ಅಡುಗೆಮನೆಗೆ ಬಿಳಿ ಇರಲಿ, ಅಕ್ಕಿಯ ಕಲ್ಲು ಕಾಣಲಿ.
ನಡುಮನೆಗೆ ಹಳದಿ ಸಾಕು.
ಸೆಕೆಂಡ್ ಶಿಫ್ಟ್ ಮುಗಿಸಿ ಹನ್ನೊಂದಕ್ಕೆ ಬರುವ,
ದಿನವಿಡೀ ಚಿಲ್ಲರೆ ಕೇಳಿ ಕೇಳಿ ಸವೆದ ಕಂಡಕ್ಟರ್ ಮುಖಕ್ಕೆ
ಲೆಕ್ಕ ತಪಾಸಣೆಯ ಬೆಳಕು ಯಾಕೆ?
ಅವರ ಮೀಸೆಯ ಬಿಳಿಯನ್ನು
ನಾನು ಕತ್ತಲಲ್ಲೂ ಎಣಿಸಬಲ್ಲೆ.

ಗುರುವಾರ ಮೇಡಂ ಬಂದರು.
ಬಲ್ಬು ತೋರಿಸಿದೆ, ಅಂಕ ಹೇಳಿದೆ, ಬೆಲೆಯನ್ನೂ ಹೇಳಿದೆ.
ಹೌದಾ ಅಂದರು.
ರವಿಕೆ ಎತ್ತಿಕೊಂಡು ಸೀದಾ ಹೊಸ್ತಿಲಿಗೆ ಹೋಗಿ
ಬಿಸಿಲಿಗೆ ಹಿಡಿದರು.

ನಾನೂ ಕತ್ತರಿ ಕೆಳಗಿಟ್ಟು
ಅವರ ಪಕ್ಕ ಹೋಗಿ ನಿಂತೆ,
ನೋಡಲು.