ಕುಲಗೆಟ್ಟ ಮತ

ಥಣಿಸಂದ್ರ ಮೇನ್ ರೋಡಿನಲ್ಲಿ, ಟೈರ್ ಅಂಗಡಿ ದಾಟಿದರೆ
ಕಾಳಿಕಾಂಬ ಝೆರಾಕ್ಸ್, ನನ್ನದು.
ಬೋರ್ಡು ಓದಿದರೆ ಸಾಕು, ನಮ್ಮೂರ ಜನಕ್ಕೆ
ನಾನು ಯಾವ ಪೈಕಿ ಎಂದು ತಿಳಿಯುತ್ತದೆ.
ಕೇಳುವ ಶ್ರಮ ಉಳಿಯಿತು ಅವರಿಗೆ.
ದನಿ ಮಾತ್ರ ಒಂದು ಮೆಟ್ಟಿಲು ಇಳಿಯುತ್ತದೆ, ಇಲ್ಲಾ ಏರುತ್ತದೆ.

ಭಾನುವಾರ ಮಧ್ಯಾಹ್ನ ಬಂದರು ಸೊಮಾಲಿಯಾದ ಮೂವರು.
ಬೋರ್ಡು ಓದಲು ಬಾರದವರು.
ಒಬ್ಬ ಫಾರ್ಮಸಿ, ಒಬ್ಬ ಬಿಸಿಎ,
ಇನ್ನೊಬ್ಬ ಗುಲೇದ್, ಓದು ಮುಗಿದು ಮೂರು ವರ್ಷವಾದರೂ
ಯಾಕೋ ಊರಿಗೆ ಹೋಗದವನು.
‘ಸಂಘದ್ದು ಎಲೆಕ್ಷನ್ ಅಣ್ಣ, ನೂರ ನಲವತ್ತು ಬ್ಯಾಲೆಟ್,
ಮೇಲೆ ಬಾವುಟ ಬರಲಿ.’

ತಿಳಿನೀಲಿ ಆಕಾಶ, ನಡುವೆ ಬಿಳಿ ನಕ್ಷತ್ರ.
ಕಲರಿಗೆ ಹತ್ತು ರೂಪಾಯಿ ಅಂದೆ.
ಬ್ಲಾಕ್ ಅಂಡ್ ವೈಟ್ ಸಾಕು ಅಂದರು.
ಆಕಾಶ ಬೂದಿಯಾಗಿ ಬಂತು.
ನಕ್ಷತ್ರ ಹಾಗೇ ಇತ್ತು, ಬಿಳಿಗೆ ಇಂಕು ಬೇಡವಲ್ಲ.

ಚೌಕ ಎಷ್ಟು?
ನಾಲ್ಕೂವರೆ.
ನಾಲ್ಕೋ, ಐದೋ?
ನಾಲ್ಕೂವರೆ ಅಣ್ಣ.
ಮೊಗದಿಶುವಿನ ಪಾರ್ಲಿಮೆಂಟಿಗೂ ಇದೇ ಲೆಕ್ಕವಂತೆ:
ದೊಡ್ಡ ಕುಲ ನಾಲ್ಕು, ಒಂದೊಂದಕ್ಕೆ ಒಂದು ಪಾಲು,
ಉಳಿದವರೆಲ್ಲ ಸೇರಿ ಅರೆ.

ಉಳಿದವರು ಅಂದರೆ?
‘ಕಬ್ಬಿಣ ಬಡಿಯುವವರು, ಚರ್ಮ ಹೊಲಿಯುವವರು,
ಹೊಳೆದಂಡೆಯಲ್ಲಿ ಜೋಳ ಬೆಳೆಯುವವರು’ ಅಂದ
ಹೆಬ್ಬೆರಳಿನಲ್ಲಿ ಬಾಗಿಲ ಕಡೆ ತೋರಿಸಿ,
ಅವರೆಲ್ಲ ಅಲ್ಲೇ ಹೊರಗೆ ನಿಂತ ಹಾಗೆ.

ನಿಜಕ್ಕೂ ನಿಂತಿದ್ದಳು ಒಬ್ಬಳು.
ಹೊಡನ್. ನರ್ಸಿಂಗ್ ಎರಡನೇ ವರ್ಷ.
ಅರೆಯ ಅಭ್ಯರ್ಥಿ.

ಮೌಸ್ ಹಿಡಿದು ಗೆರೆ ಎಳೆದೆ.
ಐದನೇ ಸಾಲನ್ನು ಅಮುಕಿ ಅಮುಕಿ ಅರ್ಧಕ್ಕೆ ತಂದೆ.
ಅವಳ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು
(ಅವರಲ್ಲಿ ಇನಿಶಿಯಲ್ ಇಲ್ಲ, ತಲೆಮಾರು ಪೂರಾ ಬರೆಯಬೇಕು)
ಹದಿನಾಲ್ಕರ ಅಕ್ಷರ ಒಂಬತ್ತಾಯಿತು, ಏಳಾಯಿತು,
ಆದರೂ ಅಜ್ಜ ಗೆರೆಯಾಚೆಯೇ ಉಳಿದ.

ಒಳಗೆ ಬಂದು ಹೊಡನ್ ರಬ್ಬರ್ ಸೀಲು ಕೇಳಿದಳು.
ಸ್ಯಾಂಪಲ್ ಮೇಲೆ, ತನ್ನ ಚೌಕದಲ್ಲಿ, ಮೆತ್ತಗೆ ಒತ್ತಿದಳು.
ಅರ್ಧ ಅವಳದರಲ್ಲಿ, ಅರ್ಧ ಮೇಲಿನವರ ಮನೆಯಲ್ಲಿ.
ಎಲ್ಲರೂ ನೋಡಿದರು. ಯಾರೂ ಮಾತಾಡಲಿಲ್ಲ.

ಒಂದು ಬೆರಳಗಲ ಹಿಗ್ಗಿಸಲೇ ಅಂತ
ನಾನು ಕೇಳಬಹುದಿತ್ತು.
ಕುಣಿಗಲ್ ಕಡೆ ನಮ್ಮಜ್ಜ ತಿದಿ ಒತ್ತುತ್ತಿದ್ದ,
ಗೌಡರ ನೇಗಿಲಿಗೆ ಕುಳ ತಟ್ಟಿ ಅಂಗಳದ ಅಂಚಲ್ಲಿ ನಿಲ್ಲುತ್ತಿದ್ದ,
ಸುಗ್ಗಿಯಲ್ಲಿ ಕೊಟ್ಟಷ್ಟು ರಾಗಿ ಹೊತ್ತು ಬರುತ್ತಿದ್ದ.
ಕೇಳಲಿಲ್ಲ.
ಇನ್ನೂರ ಎಂಬತ್ತು ರೂಪಾಯಿ ಎಣಿಸಿ ಗಲ್ಲಾಕ್ಕೆ ಹಾಕಿದೆ.

ಸಂಜೆ, ಬೇಕರಿಯ ಮೇಲಿನ ಹಾಲಿನಲ್ಲಿ ಎಣಿಕೆ.
‘ನೀವೇ ಬನ್ನಿ ಅಣ್ಣ,’ ಅಂದ ಗುಲೇದ್,
‘ನೀವು ಯಾರ ಪೈಕಿಯೂ ಅಲ್ಲ.’
ನಲವತ್ತೊಂಬತ್ತು ವರ್ಷದಲ್ಲಿ
ಯಾರೂ ನನಗೆ ಈ ಮಾತು ಹೇಳಿರಲಿಲ್ಲ.
ಮೆಟ್ಟಿಲು ಹತ್ತುವಾಗ ಅದನ್ನೇ ಬಾಯೊಳಗೆ
ಕಲ್ಲುಸಕ್ಕರೆ ಹಾಗೆ ಹೊರಳಿಸಿದೆ.

ನಾಲ್ಕು ಕುಲದ್ದು ಬೇಗ ಮುಗಿಯಿತು.
ಎಣಿಸುವ ಮುಂಚೆಯೇ ಗೊತ್ತಿದ್ದ ಎಣಿಕೆ.
ಗೆರೆ ದಾಟಿದ್ದನ್ನು ಬೇರೆ ಕವರಿಗೆ ಹಾಕಿ
ಟಿವಿಯವರು ಹೇಳುವ ಹಾಗೆ ಕನ್ನಡದಲ್ಲಿ ಬರೆದೆ:
ಕುಲಗೆಟ್ಟ ಮತ, ಇಪ್ಪತ್ತಮೂರು.

ಏನದು, ಅಂದ ಗುಲೇದ್.
ಮತ ಅಂದರೆ ಓಟು. ಕುಲ, ನಿಮ್ಮದೇ ಮಾತು.
ಕುಲ ಕೆಟ್ಟರೆ ಓಟು ನಡೆಯುವುದಿಲ್ಲ.
ಅವನು ಜೋರಾಗಿ ನಕ್ಕ. ಮಧ್ಯದಲ್ಲೇ ನಿಲ್ಲಿಸಿದ.

ಹದಿನೇಳು, ಅರೆಯ ಗೆರೆ ಮೀರಿದವು.
ಇನ್ನಾರರಲ್ಲಿ ಸೀಲು ಚೌಕದಲ್ಲೇ ಇಲ್ಲ.
ಮೇಲೆ, ಬೂದಿ ಆಕಾಶದಲ್ಲಿ,
ನಕ್ಷತ್ರದ ಹೊಟ್ಟೆಗೆ ಸರಿಯಾಗಿ ಒತ್ತಿತ್ತು.
ನಕ್ಷತ್ರಕ್ಕೆ ಐದು ಮೂಲೆ, ಐದೂ ಒಂದೇ ಅಳತೆ.
ಯಾರು ಒತ್ತಿದರೋ. ಆರು ಜನ.
ಹಾಲಿನಲ್ಲಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ.
ಆ ಕವರ್ ನನಗಿರಲಿ, ಅಂದಳು ಹೊಡನ್.

ರಾತ್ರಿ ಶಟರ್ ಅರ್ಧ ಎಳೆದು ಫೈಲ್ ತೆರೆದೆ.
ಐದನೇ ಗೆರೆ ಹಿಡಿದು ಕೆಳಗೆ ಎಳೆದೆ.
ಅಜ್ಜ ಒಳಗೆ ಬಂದ.
ಮುಚ್ಚಲು ಹೋದರೆ ಕಂಪ್ಯೂಟರ್ ಕೇಳುತ್ತದೆ:
ಬದಲಾಯಿಸಿದ್ದೀರಿ. ಉಳಿಸಿಕೊಳ್ಳಲೇ?