ಚಿಲಕದ ಎತ್ತರ

ಅರ್ಜಿಯ ಏಳನೇ ಕಲಂ ಕೇಳುತ್ತದೆ:
ನಿಮ್ಮನ್ನು ನೋಡಿಕೊಳ್ಳುವವರ ಹೆಸರು.
ಪೆನ್ನು ಹಿಡಿದು ತುಂಬ ಹೊತ್ತು ಕೂತೆ
ವಿರಾಜಪೇಟೆಯ ಕಚೇರಿ ಮುಂದೆ, ಮೆಟ್ಟಿಲ ಬುಡದಲ್ಲಿ.
ಒಳಗೆ ಹೋಗಲು ಒಂಬತ್ತು ಮೆಟ್ಟಿಲು.
ಗುಮಾಸ್ತರು ಒಳ್ಳೆಯವರು, ತಾವೇ ಇಳಿದು ಬರುತ್ತಾರೆ
ಕೊಡೆ ಹಿಡಿದು, ರಿಜಿಸ್ಟರ್ ಕಂಕುಳಲ್ಲಿಟ್ಟು.
ಸರ್ಕಾರವೇ ನನ್ನ ಬಳಿಗೆ ಬಂತೆಂದು
ನಾನು ಹೆಮ್ಮೆಪಡಬೇಕೋ ಏನೋ.

ರ‍್ಯಾಂಪ್ ಇದೆ. ಇಲ್ಲವೆಂದರೆ ಸುಳ್ಳಾಗುತ್ತದೆ.
ಹಿಂಬಾಗಿಲಲ್ಲಿ, ಜನರೇಟರ್ ಪಕ್ಕ,
ಪಾಚಿ ಕಟ್ಟಿ, ನಾಯಿಯೂ ಯೋಚಿಸಿ ಹತ್ತುವಂಥದ್ದು.
ಒಂದಡಿ ಏರಲು ಹನ್ನೆರಡಡಿ ಉದ್ದ ಬೇಕು, ಅದು ನಿಯಮ;
ಈ ಗುಡ್ಡದೂರಲ್ಲಿ ಹನ್ನೆರಡಡಿ ಎಲ್ಲಿಂದ ತರಲಿ
ಎಂದು ಎಂಜಿನಿಯರ್ ನಕ್ಕರು.
ಹೋಮ್‌ಸ್ಟೇ ಕಟ್ಟುವಾಗ ಸಿಗುತ್ತದಲ್ಲ ಸಾರ್, ಅಂದೆ.
ನಗು ಅಲ್ಲೇ ನಿಂತಿತು.

ಆನೆಗಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ.
ಇವತ್ತು ಯಾವ ತೋಟದಲ್ಲಿವೆ ಎಂದು
ಬೆಳಿಗ್ಗೆಯೇ ಎಲ್ಲರ ಫೋನಿಗೂ ಮೆಸೇಜು.
ಅವುಗಳ ದಾರಿಗೆ ನಕ್ಷೆಯಿದೆ, ಸಭೆಯಿದೆ,
ಡೆಹ್ರಾಡೂನಿನಿಂದ ಬಂದಿಳಿಯುವ ತಜ್ಞರಿದ್ದಾರೆ.
ನನ್ನ ದಾರಿ ಮನೆಯಿಂದ ಜೇನು ಸೊಸೈಟಿಗೆ,
ಒಟ್ಟು ಆರುನೂರು ಗಜ,
ನಡುವೆ ಒಂದು ಚರಂಡಿ, ಚಪ್ಪಡಿ ಇಲ್ಲದ್ದು.

ಮೆಣಸು ಕೊಯ್ಯುವ ಏಣಿ ಅಂದರೆ ಒಂಟಿ ಬಿದಿರು.
ಗಂಡಾಳು ಬರದ ದಿನ ನಾನೇ ಹತ್ತಿದೆ.
ಇಪ್ಪತ್ತಮೂರಡಿ ಮೇಲಿಂದ, ಇಪ್ಪತ್ತಮೂರನೇ ವಯಸ್ಸಲ್ಲಿ ಬಿದ್ದೆ;
ಲೆಕ್ಕ ಸರಿಹೋಯಿತು ಎಂದು ಆಸ್ಪತ್ರೆಯಲ್ಲಿ ನಾನೇ ಅಂದು
ನರ್ಸನ್ನು ಅಳಿಸಿದ್ದೆ.

ಆಮೇಲೆ ಹನ್ನೊಂದು ವರ್ಷ ಅಣ್ಣನ ಮನೆ.
ಅತ್ತಿಗೆ ಕೆಟ್ಟವಳಲ್ಲ. ಇದನ್ನು ಹೇಳಲೇಬೇಕು.
ಗಂಜಿ ಬಿಸಿಯಾಗಿಯೇ ಕೊಟ್ಟಳು, ಹಾಸಿಗೆ ಒಗೆದಳು.
ಯಾವಾಗ ಸ್ನಾನ, ಎಷ್ಟು ಹೊತ್ತಿಗೆ ದೀಪ ಆರಿಸುವುದು,
ಯಾರು ಬಂದರೆ ನಾನು ಒಳಕೋಣೆಯಲ್ಲಿರಬೇಕು,
ಎಲ್ಲ ಪ್ರೀತಿಯಿಂದಲೇ ತೀರ್ಮಾನವಾಗುತ್ತಿತ್ತು.
ನನ್ನ ಬಾಗಿಲಿಗೊಂದು ಚಿಲಕ ಬೇಕು, ಅಂದೆ ಒಮ್ಮೆ.
ಒಳಗೆ ಏನಾದರೂ ಆದರೆ? ಅಂದ ಅಣ್ಣ.
ಹನ್ನೊಂದು ವರ್ಷ ಒಳಗೆ ಏನೂ ಆಗಿರಲಿಲ್ಲ.
ಅದೇ ನನ್ನ ತಕರಾರು.

ಈಗ ಒಂದು ಕೋಣೆ, ಅಡುಗೆಗೊಂದು ಮೂಲೆ.
ಬಿದ್ದರೆ ಯಾರು ಹೊಣೆ? ಕೇಳಿದರು ಮನೆ ಮಾಲೀಕರು.
ಬೀಳುವುದು ನನಗೆ ಗೊತ್ತಿರುವ ಕೆಲಸ, ಅಂದೆ.
ಉಣ್ಣಿ ಆಚಾರಿ ಟೇಪು ತಂದು
ನನ್ನ ಭುಜ, ಮೊಣಕೈ, ಚಾಚಿದ ಬೆರಳು ಅಳೆದ.
ಶವಪೆಟ್ಟಿಗೆಗಲ್ಲದೆ ಮನುಷ್ಯರನ್ನು ಅಳೆದದ್ದು
ಇದೇ ಮೊದಲು ಪೂವಕ್ಕಾ, ಎಂದ.
ಚಿಲಕ ನೆಲದಿಂದ ಎರಡೂವರೆ ಅಡಿಗೆ.
ಹಳೆಯದರ ತೂತು ಮೇಲೆ ಹಾಗೇ ಉಳಿದಿದೆ;
ಬಿಸಿಲಿರುವ ಸಂಜೆ ಅದರಿಂದ ಒಂದು ಕಾಸಿನಗಲ ಬೆಳಕು
ಒಳಗೆ ಬಂದು ಗೋಡೆ ಮೇಲೆ ನಡೆಯುತ್ತದೆ.

ಬೆಳಿಗ್ಗೆ ಆರರಿಂದ ಎಂಟು, ಬೊಳ್ಚಿ ಬರುತ್ತಾಳೆ.
ಎತ್ತುತ್ತಾಳೆ, ಹೊರಳಿಸುತ್ತಾಳೆ, ಬೆನ್ನ ಹುಣ್ಣು ನೋಡುತ್ತಾಳೆ,
ಹೀಗಲ್ಲ ಹಾಗೆ ಎಂದರೆ ಹಾಗೆ.
ನೋಡಿಕೊಳ್ಳುವವಳಲ್ಲ ಅವಳು. ಕೆಲಸಕ್ಕೆ ಬರುವವಳು.
ಲೈನ್ ಮನೆಯಲ್ಲಿ ಮೂರು ಮಕ್ಕಳು, ಅವಳಿಗೂ ಸೊಂಟನೋವು,
ಭಾನುವಾರ ಅವಳಿಗೆ ರಜೆ, ನನಗೆ ಕಷ್ಟ.
ಮಾಶಾಸನದ ದುಡ್ಡು ಅವಳ ಹನ್ನೆರಡು ದಿನದ ಕೂಲಿ.
ಉಳಿದ ದಿನಗಳಿಗೆ ಜೇನು ಬಾಟಲಿಗೆ ಚೀಟಿ ಅಂಟಿಸುತ್ತೇನೆ.
ಅವಳು ಬರದ ದಿನ ನನ್ನ ಸ್ವಾತಂತ್ರ್ಯ
ಹಾಸಿಗೆ ಮೇಲೆ ಅಂಗಾತ ಮಲಗಿರುತ್ತದೆ,
ಸೂರು ಎಣಿಸುತ್ತ.

ಇದನ್ನೆಲ್ಲ ಬರೆಯಲು ಏಳನೇ ಕಲಮಿನಲ್ಲಿ
ಒಂದೂವರೆ ಇಂಚಿನ ಗೆರೆ.
ಗುಮಾಸ್ತರು ಕೊಡೆ ಓರೆ ಮಾಡಿ ನಿಂತಿದ್ದಾರೆ,
ಅವರ ಎಡಭುಜ ನೆನೆಯುತ್ತಿದೆ.
ಅಣ್ಣನ ಹೆಸರು ಹಾಕಿ, ಅವರ ಖಾತೆಗಾದರೆ ಬೇಗ ಬರುತ್ತದೆ.
ನಾನು ಬರೆದೆ: ಪೂವಕ್ಕ.
ಅದು ಅರ್ಜಿದಾರರ ಹೆಸರಲ್ಲವಾ?
ಹೌದು, ಅಂದೆ.

ಸಾಹೇಬರನ್ನು ಕೇಳಿ ಬರುತ್ತೇನೆಂದು
ಕಾಗದವನ್ನು ಅಂಗಿಯೊಳಗೆ ತೂರಿಸಿ
ಒಂಬತ್ತು ಮೆಟ್ಟಿಲು ಓಡಿ ಹತ್ತಿದರು.
ಕೊಡೆ ನನ್ನ ಕೈಯಲ್ಲೇ ಬಿಟ್ಟು ಹೋಗಿದ್ದಾರೆ.